ಹೊಗೆಬಟ್ಟಲಿನ ವಂಶಾವಳಿ

ಬೆಂಗಳೂರಿನ ದಕ್ಷಿಣ ಭಾಗದ ಊರುಗಳ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ: ಸುದ್ದಗುಂಟೆಪಾಳ್ಯ, ತಾವರೆಕೆರೆ, ಮಡಿವಾಳ, ಬೈರಸಂದ್ರ. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ಹೊಂಡ. ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಅದು ‘ಗುಂಟೆ’ಯಾಗುತ್ತದೆ, ಹೊಲ ಅಳೆಯುವ ಗುಂಟೆಯ ಮಾತು ಬೇರೆ. ತಾವರೆಕೆರೆಯ ಹೆಸರಿನಲ್ಲೇ ಕೆರೆಯುಂಟು. ಮಡಿವಾಳದ ಕೆರೆಯಂತೂ ಇಂದಿಗೂ ನೀರು ಹೊತ್ತು ನಿಂತಿದೆ. ಕುಂಟೆಗಳು ಹೋದ ಕಡೆ ಮನೆ ಮನೆಗೂ ಸಂಪು ಬಂತು, ತಾರಸಿಯ ಮೇಲೆ ಟ್ಯಾಂಕು ಬಂತು. ಜನ ನೀರನ್ನು ಬಿಡಲಿಲ್ಲ. ಆದ್ದರಿಂದ ಸೊಳ್ಳೆಯೂ ಜನರನ್ನು ಬಿಡಲಿಲ್ಲ.

ಸಂಜೆ ತಾರಸಿಯ ಮೇಲೋ ಜಗಲಿಯಲ್ಲೋ ಕುಳಿತು ರೇಡಿಯೋ ಕೇಳುವ ಅಭ್ಯಾಸವುಳ್ಳವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ವಾರ್ತೆ ಮುಗಿಯುವುದರೊಳಗಾಗಿ ಕಣಕಾಲು ಉರಿಯತೊಡಗುತ್ತದೆ. ಇಂಥವರಿಗಾಗಿಯೇ ಈಚಿನ ವರ್ಷಗಳಲ್ಲಿ ಒಂದು ಪುಟ್ಟ ಪೆಟ್ಟಿಗೆ ಮಾರಾಟಕ್ಕೆ ಬಂದಿದೆ. ಕೈಯಲ್ಲಿ ಹಿಡಿದು ಒಯ್ಯಬಹುದು, ಬಯಲಿನಲ್ಲಿ ಇಡಬಹುದು, ಗೋಡೆಯ ವಿದ್ಯುತ್ತಿಗೆ ಜೋಡಿಸಬೇಕಾಗಿಲ್ಲ. ಒಳಗೆ ಸಣ್ಣ ಅನಿಲದ ಕೊಳವೆಯಿರುತ್ತದೆ ಇಲ್ಲವೆ ಬ್ಯಾಟರಿಯಿರುತ್ತದೆ. ಇದನ್ನು ಕೊಳ್ಳಬಹುದೆ, ಕೊಂಡರೆ ಸಾಕಲು ಎಷ್ಟು ಬೀಳುತ್ತದೆ ಎಂದು ಕೇಳುವವರುಂಟು. ಕೊಳ್ಳುವ ಮೊದಲು ಇದರ ವಂಶವನ್ನು ವಿಚಾರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನೋಟಕ್ಕೆ ಹೊಸದಾದರೂ ಇದು ನಮ್ಮ ಅಜ್ಜಿಯರ ಹೊಗೆಬಟ್ಟಲಿನ ಮರಿಮಗು. ಹಿರಿಯರ ಗುಣವೂ ದೋಷವೂ ಇದಕ್ಕೆ ಬಂದಿವೆ.

ಸೊಳ್ಳೆಯ ವಿಷಯದಲ್ಲಿ ನಮ್ಮ ಪ್ರಾಚೀನರು ಉದಾಸೀನರಾಗಿರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳು ಐದು ಬಗೆಯೆಂದು ಹೇಳಿದೆ: ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ. ಇವುಗಳಲ್ಲಿ ಬೆಟ್ಟದ ಸೊಳ್ಳೆಯ ಕಡಿತವು ಪ್ರಾಣಹಾರಕ ಕೀಟಗಳ ಕಡಿತಕ್ಕೆ ಸಮಾನವೆಂದು ಎಣಿಸಿದೆ. ನಮ್ಮ ಹಳ್ಳಿಗಳಲ್ಲಿ ಮುಸ್ಸಂಜೆಗೆ ದನದ ಕೊಟ್ಟಿಗೆಯಲ್ಲಿ ಬೆರಣಿಯ ಕೆಂಡದ ಮೇಲೆ ಬೇವಿನ ಸೊಪ್ಪನ್ನೋ ಲಕ್ಕಿ ಸೊಪ್ಪನ್ನೋ ಹಾಕಿ ಹೊಗೆಯೆಬ್ಬಿಸುವುದು ವಾಡಿಕೆ. ಬಾಣಂತಿಯ ಕೋಣೆಗೆ ಸಾಂಬ್ರಾಣಿ, ದನಕ್ಕೆ ಸೊಪ್ಪಿನ ಹೊಗೆ. ಕೆಂಡವಿದ್ದ ಅಗ್ಗಿಷ್ಟಿಕೆಯನ್ನು ಹಿಡಿಕೆ ಹಿಡಿದು ಬೇಕಾದಲ್ಲಿಗೆ ಒಯ್ಯಬಹುದಾಗಿತ್ತು. ಎಡೆಯಿಂದ ಎಡೆಗೆ ಒಯ್ಯುವ ಸಾಧನವೆಂದು ಇಂದು ಹೊಗಳುವ ಗುಣ ಅದರಲ್ಲಿ ಆಗಲೇ ಇತ್ತು.

ಇನ್ನೊಂದು ಉಪಾಯವನ್ನು ಗ್ರೀಕರ ಇತಿಹಾಸಕಾರ ಹೆರೊಡೋಟಸನು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಈಜಿಪ್ಟಿನಲ್ಲಿ ಜೌಗು ನೆಲದಿಂದ ಮೇಲ್ಗಡೆಯ ಜನರು ಎತ್ತರದ ಗೋಪುರಗಳನ್ನೇರಿ ಮಲಗುತ್ತಿದ್ದರಂತೆ, ಗಾಳಿಯಿರುವ ಎತ್ತರಕ್ಕೆ ಸೊಳ್ಳೆ ಹಾರಲಾರದು ಎಂದು. ಜೌಗಿನಲ್ಲೇ ಇದ್ದವರು ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಳ್ಳುತ್ತಿದ್ದರು. ಗಾಳಿಯ ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಲೆಕ್ಕದ ಹೊತ್ತಿಗೆ ಬೇಕಾಗುತ್ತದೆ.

ಹೊಗೆಗೆ ನಿಜವಾದ ಬಲ ಬಂದುದು ಒಂದು ಹೂವಿನಿಂದ. ನಮ್ಮ ಸೇವಂತಿಗೆಯ ನೆಂಟನಾದ ಪೈರೆತ್ರಂ ಎಂಬ ಬಿಳಿಯ ಹೂವು ಆಡ್ರಿಯಾಟಿಕ್ ಕಡಲತೀರದ ಡಾಲ್ಮೇಷಿಯಾ ಪ್ರಾಂತ್ಯದ್ದು. ಒಣಗಿದ ಹೂವಿನ ಪುಡಿಯು ಹುಳುಗಳ ನರಮಂಡಲವನ್ನು ಕೆಡಿಸುತ್ತದೆ. ಜಪಾನಿನ ವಾಕಾಯಾಮಾ ಸೀಮೆಯಲ್ಲಿ ಕಿತ್ತಳೆ ಬೆಳೆಯುವ ಮನೆತನದ ಉಯೆಯಾಮಾ ಎಯಿಚಿರೋ ಎಂಬವನು 1886ರ ಸುಮಾರಿಗೆ ಇದರ ಬೀಜ ಸಂಪಾದಿಸಿ ಬೆಳೆಸಿದನು. 1890ರಲ್ಲಿ ಹೂವಿನ ಪುಡಿಯನ್ನು ಊದುಬತ್ತಿಯ ಹಾಗೆ ಕಡ್ಡಿಯಾಗಿ ಹೊಸೆದನು. ಕಡ್ಡಿ ಸುಮಾರು 40 ನಿಮಿಷಕ್ಕೇ ಉರಿದು ಮುಗಿಯುತ್ತಿತ್ತು. ನಿದ್ರೆ ಅಷ್ಟು ಬೇಗ ಮುಗಿಯುವುದಿಲ್ಲವಷ್ಟೆ! 1895ರಲ್ಲಿ ಅವನ ಹೆಂಡತಿ ಯೂಕಿ, ಕಡ್ಡಿಯನ್ನು ಸುರುಳಿ ಸುತ್ತಿದರೆ ಹೇಗೆ ಎಂದು ಸೂಚಿಸಿದಳು. ಹಾವು ಸುರುಳಿ ಸುತ್ತಿಕೊಂಡಿದ್ದುದನ್ನು ಕಂಡು ಆಕೆಗೆ ಈ ಬುದ್ಧಿ ಹೊಳೆಯಿತೆಂದು ಕಥೆ. ಆ ಸುರುಳಿ 1902ರಲ್ಲಿ ಪೇಟೆಗೆ ಬಂತು. ಸುಮಾರು ಏಳು ಗಂಟೆ ಉರಿಯುವ ಸೊಳ್ಳೆ ಬತ್ತಿಗೆ ಮೂಲ ಒಬ್ಬ ಗೃಹಿಣಿಯ ಮಾತು. ಇಂಥ ಮಾತುಗಳನ್ನು ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಬರೆದಿಡುವುದಿಲ್ಲ.

ಆಮೇಲಿನ ಪೀಳಿಗೆಗಳನ್ನು ಬೇಗ ಹೇಳಿಬಿಡಬಹುದು. 1949ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಹೂವಿನ ಸತ್ವವನ್ನು ಹೋಲುವ ಅಲೆತ್ರಿನ್ ಎಂಬ ಕೃತಕ ದ್ರವ್ಯವನ್ನು ಮಾಡಿದರು; ಹೂವಿನ ಹೊಲವಿಲ್ಲದೆ ಬತ್ತಿ ಮಾಡುವುದು ಸಾಧ್ಯವಾಯಿತು. 1963ರಲ್ಲಿ ಜಪಾನಿನಲ್ಲಿ ವಿದ್ಯುತ್ತಿನಿಂದ ಕಾಯಿಸುವ ಬಿಲ್ಲೆ ಬಂತು. ನಮ್ಮ ದೇಶದ ಮನೆಗಳಲ್ಲಿ ಆ ಮ್ಯಾಟು 1980ರ ದಶಕದಲ್ಲಿ, ಅದರ ಹಿಂದೆಯೇ ದ್ರವದ ಸೀಸೆ 1990ರ ದಶಕದಲ್ಲಿ ಬಳಕೆಗೆ ಬಂದವು. ಆ ಹೊತ್ತಿಗೆ ಅಮೆರಿಕದಲ್ಲಿ, ವಿದ್ಯುತ್ತಿಲ್ಲದ ಕಾಡಿನಲ್ಲೂ ಬಿಲ್ಲೆಯನ್ನು ಕಾಯಿಸಲು ಬ್ಯುಟೇನ್ ಅನಿಲದ ಚಿಕ್ಕ ಕೊಳವೆಯನ್ನು ಜೋಡಿಸಿದರು. ಅದೇ ನಾವು ಹೇಳುತ್ತಿರುವ ಪೆಟ್ಟಿಗೆ. ಬ್ಯಾಟರಿಯಿಂದ ದ್ರವವನ್ನು ಕಾಯಿಸುವಂಥದು ಅದರ ತಮ್ಮ. ಮೆಟೋಫ್ಲೂತ್ರಿನ್ ಎಂಬ ದ್ರವ್ಯಕ್ಕೆ ಕಾಯಿಸುವ ಅಗತ್ಯವೂ ಇಲ್ಲ. ಚಿಕ್ಕ ಫ್ಯಾನೊಂದು ಬೀಸಿದರೆ ಸಾಕು, ತಾನೇ ಆವಿಯಾಗುತ್ತದೆ. ಅಂಥದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮಾದರಿಯೂ ಉಂಟು.

ಇಷ್ಟು ಪೀಳಿಗೆ ಕಳೆದರೂ ಕೆಲಸ ಮಾತ್ರ ಒಂದೇ: ಕುಳಿತವನ ಸುತ್ತ ಸೊಳ್ಳೆಗೆ ಸಹಿಸದ ಆವಿಯ ಒಂದು ವಲಯವನ್ನು ಕಟ್ಟುವುದು. ಕೆಂಡದ ಬದಲು ಅನಿಲ, ಸೊಪ್ಪಿನ ಬದಲು ಬಿಲ್ಲೆ. ಹೊಗೆ ಕಣ್ಣಿಗೆ ಕಾಣದಾಯಿತು, ಕೆಮ್ಮು ಕಡಿಮೆಯಾಯಿತು. ಇದೇನು ಅಲ್ಪ ಲಾಭವಲ್ಲ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಮಗುವಿನ ತೊಟ್ಟಿಲ ಕೆಳಗೆ ಬತ್ತಿ ಇಡುವ ಮನೆಗಳವರು ಇದನ್ನು ಗಮನಿಸಬೇಕು.

ಈ ವಂಶಾವಳಿಯ ಪಕ್ಕದಲ್ಲೇ ಇನ್ನೊಂದು ಕಥೆ ನಮ್ಮ ಊರಿನಲ್ಲೇ ನಡೆದಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಇಂಗ್ಲಿಷ್ ವೈದ್ಯನು ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ವೈದ್ಯಾಧಿಕಾರಿಯಾಗಿದ್ದನು. ಬಂಗಲೆ ಸೊಗಸಾಗಿತ್ತು, ಸೊಳ್ಳೆಯ ಕಾಟ ವಿಪರೀತ. ಅದರಲ್ಲೂ ಒಂದು ಕೋಣೆಯಲ್ಲಿ ಹೆಚ್ಚು. ಕಾರಣ ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಮರಿಗಳು ಮಿಣಮಿಣನೆ ಆಡುತ್ತಿದ್ದುವು. ತೊಟ್ಟಿಯನ್ನು ಕವುಚಿಹಾಕಿದನು, ಕಾಟ ನಿಂತಿತು. ಅಧಿಕಾರಿಗಳ ಊಟದ ಮನೆಯ ಸುತ್ತಲೂ ಹೀಗೆಯೇ ಮಾಡೋಣವೆಂದು ತನ್ನ ಜೊತೆಯ ಅಧಿಕಾರಿಗೆ ಹೇಳಿದರೆ, ಅದು ಸೃಷ್ಟಿಕ್ರಮಕ್ಕೆ ವಿರುದ್ಧವೆಂಬಂತೆ ಆತ ಒಪ್ಪಲಿಲ್ಲ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಇದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡನು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಆದರೆ ಬೆಂಗಳೂರಿನ ಆ ತೊಟ್ಟಿಯನ್ನು ಕವುಚಲು ಯಾವ ವಿಜ್ಞಾನವೂ ಬೇಕಾಗಿರಲಿಲ್ಲ, ಕಾಸೂ ಖರ್ಚಾಗಲಿಲ್ಲ.

ಮೈಸೂರು ಸಂಸ್ಥಾನವೂ ಈ ದಾರಿಯನ್ನೇ ಹಿಡಿಯಿತು. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯ ಮೀನನ್ನು ಡಾ. ಬಿ. ಎ. ರಾವ್ ಅವರು 1928ರಲ್ಲಿ ಇಟಲಿಯಿಂದ ತರಿಸಿದರು. ಇಂದು ಆ ಮೀನನ್ನು ಕೆರೆಗಳಿಗೆ ಬಿಡಬಾರದೆನ್ನುವವರೂ ಇದ್ದಾರೆ. ಅದು ನಮ್ಮ ಕೆರೆಯ ಮೀನುಗಳ ಮೊಟ್ಟೆಮರಿಗಳನ್ನೂ ಬಿಡುವುದಿಲ್ಲ. ರಾವ್ ಅವರೂ ರಾಕ್‌ಫೆಲರ್ ಪ್ರತಿಷ್ಠಾನದ ಡಾ. ಸ್ವೀಟ್ ಅವರೂ ಕೂಡಿ 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಮಲೇರಿಯಾ ಸೊಳ್ಳೆಯಲ್ಲಿ ಎರಡು ಕವಲುಗಳನ್ನು ತತ್ತಿಯ ಪಕ್ಕದ ಗೆರೆಗಳನ್ನೆಣಿಸಿ ಬೇರ್ಪಡಿಸಿದರು. ಒಂದಕ್ಕೆ ‘ಮೈಸೋರೆನ್ಸಿಸ್’ ಎಂದು ಹೆಸರು. ನಮ್ಮ ನಾಡಿನ ಹೆಸರು ಸೊಳ್ಳೆಯೊಂದಕ್ಕೆ ಅಂಟಿಕೊಂಡದ್ದಕ್ಕೆ ಹೆಮ್ಮೆಪಡುವುದೋ ನಾಚುವುದೋ ಓದುಗರೇ ನಿರ್ಧರಿಸಲಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಬಂತು, ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು.

ಈಗಿನ ಭಯ ಡೆಂಗೆಯದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮರಿ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವನ್ನೂ ವಿಧಿಸಬಹುದಾಯಿತು. ಡೆಂಗೆಯ ಸೊಳ್ಳೆ ಹಗಲಿನದು; ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚೆ ಅದರ ಕಡಿತ ಹೆಚ್ಚು. ಚರಂಡಿಯ ಸೊಳ್ಳೆ ಕತ್ತಲಾದ ಮೇಲೆ ಬರುತ್ತದೆ. ಆದ್ದರಿಂದ ಮಕ್ಕಳು ಅಂಗಳದಲ್ಲಿ ಆಡುವ ನಾಲ್ಕು-ಐದು ಗಂಟೆಗೆ ಕಾವಲಿಲ್ಲದೆ, ಏಳು ಗಂಟೆಗೆ ದೀಪ ಹಚ್ಚಿ ಪೆಟ್ಟಿಗೆ ಹೊತ್ತಿಸಿದರೆ ಅಪಾಯದ ಸೊಳ್ಳೆ ತನ್ನ ಕೆಲಸ ಮುಗಿಸಿ ಹೋಗಿರುತ್ತದೆ.

ಇನ್ನು ಆಯ್ಕೆಯ ವಿಚಾರ. ವ್ಯಾಪಾರದ ಹೆಸರುಗಳನ್ನು ಹೇಳುವುದು ಇಲ್ಲಿ ಉಚಿತವಲ್ಲ, ಬಗೆಗಳನ್ನಷ್ಟೆ ಹೇಳುತ್ತೇನೆ. ಅನಿಲದ ಪೆಟ್ಟಿಗೆ ಹೊತ್ತಿಸಿದ ಮೇಲೆ ವಲಯ ಕಟ್ಟಲು ಕಾಲು ಗಂಟೆ ಬೇಕು. ತಯಾರಕರು ಹೇಳುವ ವ್ಯಾಪ್ತಿ ಸುಮಾರು 15 ಅಡಿ, ಅದೂ ಗಾಳಿ ನಿಂತಿದ್ದಾಗ. ಆಷಾಢದ ಗಾಳಿಯಲ್ಲಿ ತಾರಸಿಯ ಮೇಲೆ ಇದನ್ನಿಟ್ಟರೆ ಆವಿ ಪಕ್ಕದ ಮನೆಯವರ ಪಾಲು. ಗಾಳಿ ಬೀಸುವ ಕಡೆಗೆ, ಮೊಣಕಾಲೆತ್ತರದಲ್ಲಿ ಇಟ್ಟರೆ ಆವಿ ನಮ್ಮ ಮೇಲೆ ಹಾಯ್ದು ಹೋಗುತ್ತದೆ. ಮೂರು ಕಡೆ ಗೋಡೆಯ ಜಗಲಿಗೆ ಇದು ಅನುಕೂಲ, ಮೈದಾನಕ್ಕೆ ಅಲ್ಲ.

ಎಮ್ಮೆ ಕೊಳ್ಳುವವನು ಹುಲ್ಲಿನ ಬೆಲೆಯನ್ನು ಮೊದಲು ಕೇಳಬೇಕು. ಈ ಪೆಟ್ಟಿಗೆಯ ಹುಲ್ಲೆಂದರೆ ಬಿಲ್ಲೆ ಮತ್ತು ಕೊಳವೆ. ಒಂದು ಬಿಲ್ಲೆ ನಾಲ್ಕು ಗಂಟೆ, ಒಂದು ಕೊಳವೆ ಹನ್ನೆರಡು ಗಂಟೆ ಬರುತ್ತದೆ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 60 ಗಂಟೆ. ಎಂದರೆ 15 ಬಿಲ್ಲೆ, 5 ಕೊಳವೆ. ಇವುಗಳ ಬೆಲೆಯನ್ನು ಅಂಗಡಿಯಲ್ಲಿ ಕೇಳಿ ಕೂಡಿಸಿ ನೋಡಿ. ಮೂರು ನಾಲ್ಕು ತಿಂಗಳಲ್ಲೇ ಪೆಟ್ಟಿಗೆಯ ಬೆಲೆಯನ್ನು ಮೀರಿದರೆ ಆಶ್ಚರ್ಯವಿಲ್ಲ. ಅಮೆರಿಕದಲ್ಲಿರುವ ಮಗನೋ ಮಗಳೋ ಇದನ್ನು ತಂದುಕೊಟ್ಟರೆ ಪೆಟ್ಟಿಗೆಯೂ ಬಿಲ್ಲೆಯೂ ಬರುತ್ತವೆ, ಕೊಳವೆ ಬರುವುದಿಲ್ಲ. ವಿಮಾನದಲ್ಲಿ ಅದಕ್ಕೆ ಅಪ್ಪಣೆಯಿಲ್ಲ. ಇಲ್ಲಿ ಸಿಗದ ಕೊಳವೆಯ ಪೆಟ್ಟಿಗೆ ಅಲಂಕಾರದ ವಸ್ತುವಷ್ಟೆ. ಮಿತವ್ಯಯದ ಗುಟ್ಟು ಒಂದುಂಟು: ನೀಲಿ ಬಿಲ್ಲೆ ಬೆಳ್ಳಗಾಗುವವರೆಗೆ ಅದರಲ್ಲಿ ಸತ್ವವಿರುತ್ತದೆ. ಎದ್ದು ಹೋಗುವಾಗ ಆರಿಸಿ, ಮರುದಿನ ಅದನ್ನೇ ಮುಂದುವರಿಸಬಹುದು. ಬತ್ತಿಗೂ ಇದೇ ನ್ಯಾಯ. ಬೇಕಾದಷ್ಟು ಸುರುಳಿ ಮುರಿದು ಹಚ್ಚಿದರೆ ಉಳಿದದ್ದು ನಾಳೆಗೆ.

ಈಗ ಹೆರೊಡೋಟಸನ ಗೋಪುರವನ್ನು ನೆನೆಯಿರಿ. ಸೊಳ್ಳೆ ದುರ್ಬಲ ಹಾರಾಟದ ಜೀವಿ. ನಿಂತುಕೊಳ್ಳುವ ಫ್ಯಾನನ್ನು ಜಗಲಿಗೆ ತಂದು ಕಾಲಿನ ಮೇಲೆ ಬೀಸುವಂತೆ ಬಗ್ಗಿಸಿಟ್ಟರೆ ಅದು ಹತ್ತಿರ ಸುಳಿಯಲಾರದು. ನಮ್ಮ ಉಸಿರಿನ ವಾಸನೆಯನ್ನೂ ಗಾಳಿ ಚೆದುರಿಸಿಬಿಡುತ್ತದೆ. 70 ವ್ಯಾಟಿನ ಫ್ಯಾನು 60 ಗಂಟೆಗೆ 4.2 ಯೂನಿಟ್ಟು ತಿನ್ನುತ್ತದೆ, 30 ವ್ಯಾಟಿನ ಹೊಸ ಬಗೆಯದು 1.8 ಯೂನಿಟ್ಟು. ವಿದ್ಯುತ್ ತಂತಿ ಮುಟ್ಟುವ ಕಡೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಕಾಣದು. ಆದರೆ ಫ್ಯಾನನ್ನೂ ಆವಿಯ ಪೆಟ್ಟಿಗೆಯನ್ನೂ ಒಟ್ಟಿಗೆ ಇಡಬೇಡಿ. ಒಂದು ಕಟ್ಟಿದ್ದನ್ನು ಇನ್ನೊಂದು ಊದಿ ಕೆಡಿಸುತ್ತದೆ. ಕಿವಿಗೆ ಕೇಳದ ಶಬ್ದದಿಂದ ಸೊಳ್ಳೆ ಓಡಿಸುತ್ತೇವೆಂಬ ಯಂತ್ರಗಳಿಗೆ ಒಂದು ಕಾಸನ್ನೂ ಕೊಡಬೇಡಿ. 2007ರಲ್ಲಿ ಹತ್ತು ಕ್ಷೇತ್ರಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿದವರು ಅವುಗಳಿಂದ ಏನೂ ಪ್ರಯೋಜನ ಕಾಣಲಿಲ್ಲ.

ಯಾವುದನ್ನು ಕೊಂಡರೂ ಡಬ್ಬಿಯ ಮೇಲೆ ಕೀಟನಾಶಕದ ನೋಂದಣಿ ಸಂಖ್ಯೆಯಿದೆಯೆ ಎಂದು ನೋಡಿ. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಅದು ಇರಲೇಬೇಕು. ಗಿಡಮೂಲಿಕೆಯದೆಂದು ಹೇಳಿ ಮಾರುವ ಕೆಲವು ಊದುಬತ್ತಿಗಳಲ್ಲಿ ಅನುಮತಿಯಿಲ್ಲದ ವಿಷದ್ರವ್ಯ ಸಿಕ್ಕಿದ್ದುಂಟು. ಅನಿಲದ ಪೆಟ್ಟಿಗೆಯನ್ನು ಮುಚ್ಚಿದ ಕೋಣೆಗೆ ಒಯ್ಯಬೇಡಿ, ತೆರೆದಿಟ್ಟ ತಿಂಡಿಯ ಪಕ್ಕ ಇಡಬೇಡಿ. ಮೀನಿನ ತೊಟ್ಟಿಯಿಂದ ದೂರವಿರಲಿ. ಈ ದ್ರವ್ಯಗಳು ಮೀನಿಗೆ ವಿಷ. ಕೊಳವೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು, ಖಾಲಿಯಾದರೂ ಒಲೆಗೆ ಎಸೆಯಬಾರದು. ಅದನ್ನೂ ಬೆಳ್ಳಗಾದ ಬಿಲ್ಲೆಗಳನ್ನೂ ಬೇರೆ ಕಾಗದದಲ್ಲಿ ಸುತ್ತಿ, ಕಸದ ಗಾಡಿಯವರಿಗೆ ಇಂಥದೆಂದು ಹೇಳಿ ಕೈಗೆ ಕೊಡಿ.