ಮನೆಗೊಂದು ಹಣ: ಜೀರ್ಣೋದ್ಧಾರದ ಹಳೆಯ ಕಟ್ಟಳೆ

ನೂತನ ಬಿಂಬಗಳ ಪ್ರತಿಷ್ಠೆ ನೆರವೇರಿ, ಶಿಖರಕ್ಕೆ ಕಲಶವೇರುವ ಈ ಮಂಗಲ ಸಮಯದಲ್ಲಿ ಪಾಚಿಗಟ್ಟಿ ಬಿರುಕುಬಿಟ್ಟ ಹಳೆಯ ಕಟ್ಟಡಗಳ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಹೊಸ ಬಸದಿಯ ವಿಚಾರವೆದ್ದ ಊರುಗಳಲ್ಲಿ ಅನೇಕ ವೇಳೆ ಹಳೆಯ ಬಸದಿಯ ಪ್ರಶ್ನೆಯೂ ಅದರ ಬೆನ್ನಿಗೇ ಏಳುತ್ತದೆ. ಅದನ್ನು ಕೆಡವಬೇಕೆ, ಉಳಿಸಬೇಕೆ? ಕೇರಿಯ ಹಿರಿಯರು ಕೂಡಿದಲ್ಲಿ, ಅಂಗಡಿಯ ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ ಈ ಚರ್ಚೆ ನಡೆಯುತ್ತದೆ. ಒಮ್ಮೊಮ್ಮೆ ಮನಸ್ತಾಪಕ್ಕೂ ಎಡೆಗೊಡುತ್ತದೆ. ಇತಿಹಾಸವನ್ನು ವಿದ್ವತ್ತಿನ ಮಾರ್ಗದಿಂದ ಅಭ್ಯಾಸ ಮಾಡಿದವನು ನಾನಲ್ಲ, ವ್ಯಾಪಾರವೃತ್ತಿಯವನು. ಆದರೂ ಈ ವಿಷಯದಲ್ಲಿ ನಮ್ಮ ಪೂರ್ವಿಕರು ಏನು ಮಾಡಿದರೆಂಬುದನ್ನು ಶಾಸನಗಳ ಆಧಾರದಿಂದ ಧರ್ಮಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಎರಡೂ ಪಕ್ಷಗಳ ಮಾತನ್ನು ಕೇಳೋಣ. ಕೆಡವಬೇಕೆನ್ನುವವರು ಹೇಳುವುದು ಇಷ್ಟು: ಹೆಂಚು ಒಡೆದಿದೆ, ತೊಲೆಗೆ ಗೆದ್ದಲು ಹತ್ತಿದೆ, ಗೋಡೆಯ ಸಂದಿನಲ್ಲಿ ಅರಳಿಯ ಗಿಡ ಬೇರುಬಿಟ್ಟಿದೆ. ಮಳೆಗಾಲದಲ್ಲಿ ಗರ್ಭಗೃಹಕ್ಕೇ ನೀರಿಳಿಯುವಾಗ ಪೂಜೆ ನಡೆಸುವುದು ಹೇಗೆ? ಪರ್ವದಿನಗಳಲ್ಲಿ ಬರುವ ಶ್ರಾವಕ ಶ್ರಾವಿಕೆಯರಿಗೆ ನಿಲ್ಲಲೂ ಸ್ಥಳವಿಲ್ಲ. ಭಗವಂತನನ್ನು ಇಂಥಲ್ಲಿ ಇರಿಸುವುದೇ ಅವಿನಯ. ಉಳಿಸಬೇಕೆನ್ನುವವರ ಮಾತು ಬೇರೆ: ಅಜ್ಜ ಮುತ್ತಜ್ಜಂದಿರು ನೋಂಪಿಗಳನ್ನು ಮಾಡಿದ ಸ್ಥಳವಿದು. ಈ ಕಂಬದ ಕೆತ್ತನೆಯನ್ನು ಇಂದು ಯಾರು ಮಾಡಬಲ್ಲರು? ಒಮ್ಮೆ ಕೆಡವಿದರೆ ಮತ್ತೆ ಬರುವುದುಂಟೆ? ನಿಷ್ಪಕ್ಷಪಾತವಾಗಿ ನೋಡಿದರೆ ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಅನೇಕಾಂತವನ್ನು ನಂಬಿದ ನಾವು ಒಂದು ಪಕ್ಷವನ್ನು ಮೂಢರೆಂದೂ ಇನ್ನೊಂದನ್ನು ಧರ್ಮದ್ರೋಹಿಗಳೆಂದೂ ಕರೆಯುವುದು ತರವಲ್ಲ.

ಈ ಚರ್ಚೆ ಬಸದಿಗಳಿಗೆ ಮಾತ್ರ ಸೀಮಿತವಾದುದಲ್ಲ. ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಪ್ರಸ್ತಾಪ 1980ರ ದಶಕದ ಆರಂಭದಲ್ಲಿ ಬಂದಿತ್ತು. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಕಟ್ಟಡದ ಪರವಾಗಿ ನಾಗರಿಕರು ದನಿಯೆತ್ತಿದ್ದರಿಂದ ಅದು ಉಳಿಯಿತು. ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯ ನಡೆಯುತ್ತಿದೆ. ಮೈಸೂರಿನ ಕಥೆ ಬೇರೆ ಬಗೆಯದು. ವೈಸರಾಯ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗಾಗಿ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಂಗಡಿಗಳಲ್ಲಿ ನೂರಾರು ಕುಟುಂಬಗಳ ಜೀವನ ಸಾಗಿತ್ತು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಮಂದಿ ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು. ದುರಸ್ತಿ ಮಾಡಿ ಉಳಿಸಬಹುದೆಂದು ಕೆಲವು ತಜ್ಞರೂ, ಕೆಡವಿ ಹಳೆಯ ಮಾದರಿಯಲ್ಲಿಯೇ ಕಟ್ಟಬೇಕೆಂದು ಇತರರೂ ಹೇಳಿದರು. ವಾದವು ನ್ಯಾಯಾಲಯದವರೆಗೆ ಹೋಯಿತು. ನಡುವೆ ಸಿಕ್ಕಿ ತೊಂದರೆಪಟ್ಟವರು ಅಂಗಡಿಗಳವರು. ಹಳೆಯದೆಂಬ ಅಭಿಮಾನವಿದ್ದರೆ ಸಾಲದು, ಅದರ ಅಡಿಯಲ್ಲಿ ನಿಂತ ಜೀವಗಳ ಹೊಣೆಯೂ ನಮ್ಮದೇ ಎಂಬುದನ್ನು ಆ ನಾಲ್ಕು ಸಾವುಗಳು ತಿಳಿಸುತ್ತವೆ. ಅಹಿಂಸೆಯನ್ನು ಪರಮಧರ್ಮವೆಂದವರು ಇದನ್ನು ಮರೆಯಲಾಗದು.

ಹಾಗಾದರೆ ನಮ್ಮ ಹಿರಿಯರು ಯಾವ ದಾರಿಯನ್ನು ಹಿಡಿದರು? ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಮೊದಲು ಸ್ಮರಿಸಬೇಕು. ತಲಕಾಡನ್ನು ಗೆದ್ದು ಗಂಗವಾಡಿಯನ್ನು ಒಡೆಯನಿಗೆ ಒಪ್ಪಿಸಿದ ವೀರನೀತ. ಚಾಳುಕ್ಯರ ದಂಡನ್ನು ಕಣ್ಣೆಗಾಲದಲ್ಲಿ ಸೋಲಿಸಿದಾಗ ಅರಸನು ಮೆಚ್ಚಿ ಬೇಕಾದುದನ್ನು ಕೇಳೆಂದನು. ಗಂಗರಾಜನು ಪರಮ ಎಂಬ ಗ್ರಾಮವನ್ನು ಪಡೆದು, ತನ್ನ ತಾಯಿ ಪೋಚಿಕಬ್ಬೆಯೂ ಮಡದಿ ಲಕ್ಷ್ಮಿಯೂ ಮಾಡಿಸಿದ್ದ ಬಸದಿಗಳಿಗೆ 1118ರಲ್ಲಿ ದತ್ತಿ ಬಿಟ್ಟನು. ಶ್ರವಣಬೆಳಗೊಳದ ಶಾಸನಗಳು ಅವನನ್ನು ಹೊಗಳುವುದು ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಮಾಡಿಸಿದ್ದಕ್ಕಾಗಿ. ಅಷ್ಟೇ ಆದರದಿಂದ, ಗಂಗವಾಡಿಯಲ್ಲಿ ಹಾಳಾಗಿದ್ದ ಬಸದಿಗಳನ್ನೆಲ್ಲ ಮರಳಿ ಎತ್ತಿ ನಿಲ್ಲಿಸಿದ್ದಕ್ಕಾಗಿ. ಗಂಗವಾಡಿಯನ್ನು ಕೊಪಣದಂತೆ, ಎಂದರೆ ಇಂದಿನ ಕೊಪ್ಪಳದಂತೆ, ಬೆಳಗಿಸಿದನೆಂಬುದು ಅವನಿಗೆ ಸಂದ ಕೀರ್ತಿ. ಅವನ ಮಗ ಬೊಪ್ಪನು ತಂದೆಯ ಸ್ಮರಣಾರ್ಥ ಹಳೇಬೀಡಿನಲ್ಲಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಜೀರ್ಣೋದ್ಧಾರ ಮಾಡಿದ ತಂದೆಯ ಹೆಸರಿನಲ್ಲಿ ಮಗನಿಂದ ಹೊಸ ನಿರ್ಮಾಣವಾಯಿತು.

ಒಂದನೆಯ ನರಸಿಂಹನ ಭಂಡಾರಿ ಹುಳ್ಳನೂ ಇದೇ ಸಾಲಿಗೆ ಸೇರಿದವನು. 1159ರಲ್ಲಿ ಶ್ರವಣಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರಿಗೆ ಅವನು ಕಟ್ಟಿಸಿದ ಬಸದಿಯೇ ಭಂಡಾರಿ ಬಸದಿಯೆಂದು ಪ್ರಸಿದ್ಧವಾಗಿದೆ. ಆತನೇ ಬಂಕಾಪುರದಲ್ಲಿ ಹಾಳಾಗಿದ್ದ ಎರಡು ಬಸದಿಗಳನ್ನು ಉದ್ಧರಿಸಿದನು. ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಮೊದಲು ರಾಚಮಲ್ಲನ ಮಂತ್ರಿ ಚಾವುಂಡರಾಯ, ಬಳಿಕ ಗಂಗರಾಜ, ಬಳಿಕ ಹುಳ್ಳ ಎಂದು ಶಾಸನವು ಈ ಮೂವರನ್ನು ಒಂದೇ ಉಸಿರಿನಲ್ಲಿ ಎಣಿಸುತ್ತದೆ. ಮೂವರಲ್ಲಿ ಇಬ್ಬರು ಜೀರ್ಣೋದ್ಧಾರಕರೆಂಬುದು ಗಮನಾರ್ಹ.

ಇನ್ನೊಂದು ಸಂಗತಿಯಿದೆ. ನಮ್ಮ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದೇ. ತುಂಡಾದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ಭೂಮಿಯನ್ನೋ ಸುಂಕವನ್ನೋ ದಾನ ಕೊಡುವಾಗ ದೇವರ ಅರ್ಚನೆ, ಮುನಿಗಳ ಆಹಾರ, ಇವುಗಳ ಜೊತೆಗೇ ಈ ಮೂರನೆಯ ಬಾಬನ್ನೂ ಸೇರಿಸುತ್ತಿದ್ದರು. ಆಗತಾನೆ ಕಟ್ಟಿ ಮುಗಿಸಿದ, ಒಂದು ಗೆರೆಯಷ್ಟೂ ಬಿರುಕಿಲ್ಲದ ಬಸದಿಗೂ ರಿಪೇರಿಯ ಉತ್ಪತ್ತಿಯನ್ನು ಮೊದಲ ದಿನವೇ ಗೊತ್ತುಮಾಡುತ್ತಿದ್ದ ಆ ದೂರದೃಷ್ಟಿಯನ್ನು ವ್ಯಾಪಾರಿಯಾದವನು ಬೇಗನೆ ಗ್ರಹಿಸುವನು. ಕೊಂಡ ದಿನದಿಂದಲೇ ತಕ್ಕಡಿಗೂ ಗಾಡಿಗೂ ಸವಕಳಿ ಉಂಟು. ಅದನ್ನು ಲೆಕ್ಕಕ್ಕೆ ಹಿಡಿಯದವನ ಖಾತೆ ಲಾಭವನ್ನು ತೋರಿಸುತ್ತಿದ್ದರೂ ಬಂಡವಾಳ ಕರಗುತ್ತಿರುತ್ತದೆ.

ಈ ಕಾರ್ಯದಲ್ಲಿ ಅರಸರು ದಂಡನಾಯಕರಷ್ಟೇ ಅಲ್ಲದೆ ವರ್ತಕರೂ ಪಾಲುಗೊಂಡಿದ್ದರು. ಶ್ರವಣಬೆಳಗೊಳದ ನಗರ ಜಿನಾಲಯವನ್ನು 1195ರ ಸುಮಾರಿಗೆ ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವ. ಅದನ್ನು ಕಾಪಾಡುವ ಹೊಣೆ ಹೊತ್ತವರು ಅಲ್ಲಿಯ ನಗರದವರು, ಎಂದರೆ ವರ್ತಕ ಸಮೂಹದವರು. ಮುಂದಿನ ಶತಮಾನದಲ್ಲಿ ಅಲ್ಲಿಯ ವರ್ತಕರು ಆ ಜಿನಾಲಯದ ಜೀರ್ಣೋದ್ಧಾರಕ್ಕೆಂದು ತಮ್ಮ ಆದಾಯದ ಒಂದು ಅಂಶವನ್ನು ಬಿಟ್ಟುಕೊಡಲು ಒಪ್ಪಿದರು.

ಇವೆಲ್ಲಕ್ಕೂ ಮುಕುಟಪ್ರಾಯವಾದುದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದದಲ್ಲಿ ಆ ವಿಜಯನಗರದ ದೊರೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತ ಸಂಗತಿ ಎಲ್ಲರಿಗೂ ತಿಳಿದಿದೆ. ಅದೇ ಶಾಸನದ ಮುಂದಿನ ಭಾಗವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ರಾಜ್ಯದ ಜೈನರಿಂದ ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣದಂತೆ ಎತ್ತಬೇಕು; ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು; ಮಿಕ್ಕ ದ್ರವ್ಯದಲ್ಲಿ ಜೀರ್ಣ ಜಿನಾಲಯಗಳಿಗೆ ‘ಸೊದೆ’ಯನ್ನಿಕ್ಕಬೇಕು ಎಂದು ಅಲ್ಲಿ ವಿಧಿಸಿದೆ. ಸೊದೆಯೆಂದರೆ ಸುಣ್ಣ. ಈ ಹಣವನ್ನು ನಿರ್ವಹಿಸುವ ಹೊಣೆ ಹೊತ್ತವರು ತಿರುಮಲೆಯ ತಾತಯ್ಯನೆಂಬ ವೈಷ್ಣವ ಹಿರಿಯರು! ಈ ಕಟ್ಟಳೆಯನ್ನು ಮತ್ತೊಮ್ಮೆ ಸ್ಥಿರಪಡಿಸಿಕೊಂಡವನು ಕಲ್ಲೇಹದ ಬುಸುವಿಸೆಟ್ಟಿ ಎಂಬ ಸೆಟ್ಟಿ. ಈ ಶಾಸನವು ಹುಳ್ಳನ ಭಂಡಾರಿ ಬಸದಿಯಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದರ ಪ್ರತಿಯುಂಟು.

ಅರಸನ ಆಜ್ಞೆಯಲ್ಲಿ ಸುಣ್ಣ ಬಳಿಯುವ ಮಾತೇಕೆ ಬರಬೇಕು? ಕಟ್ಟಡಗಳು ಹೇಗೆ ಸಾಯುತ್ತವೆಂಬುದನ್ನು ಬಲ್ಲವರಿಗೆ ಇದರ ಮರ್ಮ ತಿಳಿದೀತು. ಹಕ್ಕಿ ಕಚ್ಚಿ ತಂದ ಅರಳಿಯ ಬೀಜ ಗೋಡೆಯ ಸಂದಿನಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಅದನ್ನು ಎರಡು ಬೆರಳುಗಳಿಂದ ಕೀಳಬಹುದು. ಹತ್ತನೆಯ ವರ್ಷ ಕೊಡಲಿ ಬೇಕು. ಮೂವತ್ತನೆಯ ವರ್ಷ ಬೇರನ್ನು ತೆಗೆದರೆ ಗೋಡೆಯೇ ಬೀಳುತ್ತದೆ. ಒಂದು ಹೆಂಚು ಸರಿದಲ್ಲಿ ನೀರು ತೊಟ್ಟಿಕ್ಕುತ್ತದೆ, ತೊಲೆ ನೆನೆಯುತ್ತದೆ, ಗೆದ್ದಲು ಬರುತ್ತದೆ. ಸುಣ್ಣ ಬಳಿಯಲು ಏಣಿ ಹತ್ತಿದವನು ಗಿಡವನ್ನೂ ಕಾಣುವನು, ಸರಿದ ಹೆಂಚನ್ನೂ ಕಾಣುವನು. ವರ್ಷಕ್ಕೊಮ್ಮೆ ಏಣಿ ಹತ್ತುವುದು ನಿಂತಾಗ ಕಟ್ಟಡದ ಆಯುಷ್ಯವು ಕ್ಷೀಣಿಸತೊಡಗುತ್ತದೆ. ಸಿಮೆಂಟಿನ ರಿಪೇರಿಯೂ ಅನೇಕ ಕಡೆ ಕೇಡನ್ನೇ ತಂದಿದೆ. ಅಳಲೆಕಾಯಿ, ಬೆಲ್ಲಗಳ ನೀರು ಬೆರೆಸಿ ಅರೆದ ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತದೆ. ಹಳೆಯ ಗೋಡೆಗೆ ಮೆತ್ತಿದ ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲು ಇಟ್ಟಿಗೆಗಳನ್ನು ಕೊರೆಯಿಸುತ್ತದೆ.

ಕಟ್ಟಡದೊಡನೆ ಅದರೊಳಗಿನ ನಿಧಿಯೂ ನಾಶವಾಗುತ್ತದೆಂಬುದನ್ನು ನೆನೆಯಬೇಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ಪ್ರಾಚೀನ ತಾಳೆಯೋಲೆಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಮಾತ್ರ ಉಳಿದುಬಂದುವು. ಅವುಗಳಿಂದ ಪ್ರತಿಯಾಗಿ ಧವಲೆಯ ಮೊದಲ ಸಂಪುಟವು ಅಚ್ಚಾದುದು 1939ರಲ್ಲಿ. ಶತಮಾನಗಳ ಕಾಲ ಆ ಬಸದಿಯ ಮಾಡು ಸೋರದಂತೆ ನೋಡಿಕೊಂಡ ಹೆಸರಿಲ್ಲದ ಶ್ರಾವಕರಿಗೆ ಇಡೀ ಜೈನ ಸಮಾಜವು ಋಣಿಯಾಗಿದೆ. ಹಳೆಯದೆಂದು ಕಿತ್ತೆಸೆದ ಚಪ್ಪಡಿಯ ಅಡಿಭಾಗದಲ್ಲಿ ಒಂದು ಶಾಸನವಿರಬಹುದು. ಬೀಸುವ ಕಲ್ಲೋ ಒಗೆಯುವ ಕಲ್ಲೋ ಆದ ಮೇಲೆ ಅದನ್ನು ಓದುವವರಾರು?

ಹಾಗೆಂದು ಪ್ರತಿಯೊಂದು ಹಳೆಯ ಗೋಡೆಯನ್ನೂ ಉಳಿಸಲೇಬೇಕೆಂದು ನನ್ನ ವಾದವಲ್ಲ. ಬೀಳಲಿರುವ ಕಟ್ಟಡಕ್ಕೆ ಭಕ್ತರನ್ನು ಬಿಡುವುದು ಪಾಪವೇ ಸರಿ. ಆದರೆ ಬೀಳಲಿದೆಯೆಂಬ ತೀರ್ಮಾನವನ್ನು ಹಳೆಯ ಕಟ್ಟಡಗಳ ಕೆಲಸವನ್ನು ಬಲ್ಲ ಇಂಜಿನಿಯರರು ನೋಡಿ ಹೇಳಬೇಕು; ಹೊಸದನ್ನು ಕಟ್ಟುವ ಗುತ್ತಿಗೆ ಹಿಡಿಯಬೇಕೆಂದಿರುವವರ ಬಾಯಿಂದ ಅದು ಬರಬಾರದು. ಕೇಂದ್ರ ಸರ್ಕಾರದ 1958ರ ಕಾಯಿದೆಯಂತೆಯೋ ರಾಜ್ಯದ 1961ರ ಕಾಯಿದೆಯಂತೆಯೋ ಸಂರಕ್ಷಿತವಾದ ಸ್ಮಾರಕವಾದರೆ ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. 2010ರ ತಿದ್ದುಪಡಿಯ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ನಿರ್ಮಾಣಕ್ಕೂ ನಿಷೇಧವುಂಟು. ಪಟ್ಟಿಗೆ ಸೇರದ ಊರೂರ ಬಸದಿಗಳಿಗೆ ಊರಿನ ವಿವೇಕವೇ ಕಾಯಿದೆ. ಬಿಚ್ಚಲೇಬೇಕಾದರೆ ಮೊದಲು ಅಳತೆ ತೆಗೆದು, ಚಿತ್ರ ಹಿಡಿದು, ಶಾಸನಗಳನ್ನು ಓದಿಸಿ, ಕಲ್ಲುಕಲ್ಲಿಗೂ ಅಂಕೆ ಬರೆದು ಬಿಚ್ಚಬೇಕು. ಮರಳಿ ಅದೇ ಕ್ರಮದಲ್ಲಿ ಜೋಡಿಸಬೇಕು. ನಾಗಾರ್ಜುನಸಾಗರದ ನೀರಿನಲ್ಲಿ ಮುಳುಗಲಿದ್ದ ನಾಗಾರ್ಜುನಕೊಂಡದ ಅವಶೇಷಗಳನ್ನು ಬೇರೆಡೆಗೆ ಸಾಗಿಸಿ ನಿಲ್ಲಿಸಿದ ಉದಾಹರಣೆ ಕಣ್ಣೆದುರಿಗಿದೆ. ನಮ್ಮ ನಾಡಿನಲ್ಲಿಯೇ 1991ರಲ್ಲಿ ಸ್ಥಾಪಿತವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಹಾಳುಬಿದ್ದ ಎಷ್ಟೋ ದೇವಾಲಯಗಳನ್ನು ಉದ್ಧರಿಸಿದೆ. ಸ್ಥಳ ಸಾಲದಿದ್ದರೆ ಹಳೆಯದನ್ನು ಮುಟ್ಟದೆ ತುಸು ದೂರದಲ್ಲಿ ಸಭಾಮಂದಿರವನ್ನು ಕಟ್ಟಿಕೊಳ್ಳುವುದಕ್ಕೆ ಅಡ್ಡಿಯೇನು?

ಇಷ್ಟಾದರೂ ಮೂಲಪ್ರಶ್ನೆ ಉಳಿಯಿತು. ಕೆಡವುವುದೋ ಉಳಿಸುವುದೋ ಎಂಬ ಜಗಳಕ್ಕೆ ಸಮಾಜವು ಬಂದು ನಿಲ್ಲುವುದು ಮೂವತ್ತು ನಾಲ್ವತ್ತು ವರ್ಷ ಏಣಿ ಹತ್ತದೆ ಉಳಿದ ಮೇಲೆ. ಅಷ್ಟರಲ್ಲಿ ಎರಡು ದಾರಿಗಳೂ ದುಬಾರಿಯಾಗಿರುತ್ತವೆ. ಹೊಸ ಬಸದಿಗೆ ಲಕ್ಷಗಟ್ಟಲೆ ಕೊಡುವ ದಾನಿಗಳು ನಮ್ಮಲ್ಲಿದ್ದಾರೆ, ಅವರ ಔದಾರ್ಯಕ್ಕೆ ನಮಸ್ಕಾರ. ಸುಣ್ಣಕ್ಕೆ ಕೊಟ್ಟವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತುವ ರೂಢಿಯಿಲ್ಲವಾದುದರಿಂದ ಆ ಬಾಬಿಗೆ ದಾನಿಗಳು ವಿರಳ. ಬುಕ್ಕರಾಯನ ಕಾಲದ ಕಟ್ಟಳೆಯ ಹಿರಿಮೆ ಇಲ್ಲಿದೆ. ಅದು ಒಬ್ಬ ಸಿರಿವಂತನನ್ನು ಕಾಯಲಿಲ್ಲ. ಮನೆಮನೆಯಿಂದ ಒಂದೊಂದು ಹಣವನ್ನು ಬೇಡಿತು.

ಆದುದರಿಂದ ಧರ್ಮಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪ್ರತಿಷ್ಠಾ ಮಹೋತ್ಸವದ ಆಯವ್ಯಯ ಮುಗಿಯುವ ಮೊದಲೇ ಜೀರ್ಣೋದ್ಧಾರ ನಿಧಿಯೆಂಬ ಪ್ರತ್ಯೇಕ ಖಾತೆಯೊಂದನ್ನು ತೆರೆಯೋಣ. ಅದರ ಬಡ್ಡಿಯನ್ನು ಬೇರಾವ ಬಾಬಿಗೂ ಮುಟ್ಟದಿರೋಣ. ಸಿರಿವಂತರು ಬಡವರೆನ್ನದೆ ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಶಕ್ತ್ಯನುಸಾರ ಅದಕ್ಕೆ ಸೇರಿಸಲಿ. ಭಗವಾನ್ ಮಹಾವೀರರ ನಿರ್ವಾಣದ ದೀಪಾವಳಿಗೆ ನಾವು ಅಂಗಡಿಗೆ ಸುಣ್ಣ ಬಳಿದು ಹೊಸ ಖಾತೆಯನ್ನು ತೆರೆಯುತ್ತೇವೆ. ಅದಕ್ಕೆ ಮುಂಚಿನ ಒಂದು ದಿನ ಊರಿನ ತರುಣರು ಹೊಸ ಬಸದಿಗೂ, ಸುತ್ತಲಿನ ಹಳ್ಳಿಗಳಲ್ಲಿ ಪೂಜೆ ನಿಂತ ಬಸದಿಗಳಿಗೂ ಏಣಿ ಹತ್ತಿ ಗಿಡ ಕಿತ್ತು, ನೀರು ಹರಿಯುವ ದೋಣಿ ತೆಗೆದು, ಹೆಂಚು ಸರಿಪಡಿಸಿ ಬರಲಿ. ಅಭಿಷೇಕದಿಂದ ಮಿಂಚುತ್ತಿರುವ ಈ ನೂತನ ಬಸದಿಯೂ ಇನ್ನು ನೂರೈವತ್ತು ವರ್ಷಕ್ಕೆ ಹಳೆಯ ಬಸದಿಯೇ. ಅಂದಿನ ಮೊಮ್ಮಕ್ಕಳು ಇದನ್ನು ಕೆಡವುವ ಮಾತೆತ್ತದಂತೆ ಇದು ಗಟ್ಟಿಯಾಗಿ, ಬೆಳ್ಳಗೆ ನಿಂತಿರಲೆಂದು ಹಾರೈಸುತ್ತೇನೆ. ಸರ್ವರಿಗೂ ಮಂಗಲವಾಗಲಿ.