ಆಕಾಶಗಂಗೆಯ ಕೇಂದ್ರ: ಉನ್ನತ ಶಕ್ತಿಯ ಖಗೋಳ ಅಧ್ಯಯನದ ಇತಿಹಾಸ

ಆಕಾಶಗಂಗೆಯ ಕೇಂದ್ರವು ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ. ನಡುವೆ ಕವಿದಿರುವ ಧೂಳಿನಿಂದಾಗಿ, ಅಲ್ಲಿಂದ ಹೊರಟ ಗೋಚರ ಬೆಳಕಿನಲ್ಲಿ ಲಕ್ಷ ಕೋಟಿ ಫೋಟಾನುಗಳಿಗೆ ಒಂದು ನಮ್ಮನ್ನು ತಲುಪಿದರೆ ಹೆಚ್ಚು. ರೇಡಿಯೊ ಮತ್ತು ಅವಕೆಂಪು ಅಲೆಗಳಂತೆ, ಹೆಚ್ಚು ಶಕ್ತಿಯ ಕ್ಷ-ಕಿರಣಗಳೂ ಗಾಮಾ ಕಿರಣಗಳೂ ಈ ಧೂಳನ್ನು ದಾಟಿ ಬರುತ್ತವೆ. ಆದರೆ ಅವನ್ನು ಭೂಮಿಯ ವಾಯುಮಂಡಲ ತಡೆಯುತ್ತದೆ. ಹೀಗಾಗಿ ಈ ಅಧ್ಯಯನ ಬಲೂನು ಮತ್ತು ಉಪಗ್ರಹಗಳ ಕಾಲಕ್ಕೆ ಕಾಯಬೇಕಾಯಿತು.

ಆರಂಭದ ಶೋಧಗಳು

1970ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ಅರ್ಜೆಂಟೀನಾದಿಂದ ಹಾರಿಸಿದ ಬಲೂನು, ಕೇಂದ್ರದ ದಿಕ್ಕಿನಿಂದ ಬರುವ ಗಾಮಾ ಕಿರಣಗಳ ರೇಖೆಯೊಂದನ್ನು ಗುರುತಿಸಿತು. 1977ರಲ್ಲಿ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಿಂದ ಹಾರಿದ ಇನ್ನೊಂದು ಬಲೂನಿನ ಜರ್ಮೇನಿಯಂ ಸಂವೇದಕ ಅದರ ಶಕ್ತಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದು ನಿಖರವಾಗಿ ಅಳೆಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಸಂಧಿಸಿ ಅಳಿದಾಗ ಹೊಮ್ಮುವ ಶಕ್ತಿ ಇದೇ. ಅಷ್ಟೊಂದು ಪಾಸಿಟ್ರಾನ್‌ಗಳ ಮೂಲ ಇಂದಿಗೂ ಇತ್ಯರ್ಥವಾಗಿಲ್ಲ.

ಈ ನಡುವೆ 1974ರಲ್ಲಿ ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್ ರೇಡಿಯೊ ದೂರದರ್ಶಕಗಳಿಂದ ಕೇಂದ್ರದ ಪುಟ್ಟ ಆಕರವನ್ನು ಪತ್ತೆಹಚ್ಚಿದರು. ಮುಂದೆ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಹೆಸರು ಪಡೆದ ಇದು, ಸೂರ್ಯನ ಸುಮಾರು 40 ಲಕ್ಷ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ.

ಮಂಕಾದ ಕಪ್ಪುಕುಳಿ

ಇಂಥ ಕಪ್ಪುಕುಳಿ ಕ್ಷ-ಕಿರಣಗಳಲ್ಲಿ ಪ್ರಖರವಾಗಿ ಬೆಳಗಬೇಕೆಂಬ ನಿರೀಕ್ಷೆಯಿತ್ತು. 1999ರಲ್ಲಿ ಉಡಾವಣೆಯಾದ ‘ಚಂದ್ರ’ ಎಂಬ ಕ್ಷ-ಕಿರಣ ವೀಕ್ಷಣಾಲಯ ಅದನ್ನು ಸುತ್ತಲಿನ ಆಕರಗಳಿಂದ ಬೇರ್ಪಡಿಸಿ ತೋರಿಸಿದಾಗ ಕಂಡದ್ದು ತೀರ ಕ್ಷೀಣವಾದ ಚುಕ್ಕೆ. 2000ರ ಅಕ್ಟೋಬರಿನಲ್ಲಿ ಅದೇ ಚುಕ್ಕೆ ಸುಮಾರು 45 ಪಟ್ಟು ಪ್ರಖರವಾಗಿ ಭುಗಿಲೆದ್ದು, ಮೂರು ಗಂಟೆಗಳೊಳಗೆ ತಣ್ಣಗಾಯಿತು. ಉಬ್ಬರದ ನಡುವೆ ಕೆಲವೇ ನಿಮಿಷಗಳಲ್ಲಿ ಹೊಳಪು ದಿಢೀರನೆ ಕುಸಿದದ್ದರಿಂದ, ಅದು ಕಪ್ಪುಕುಳಿಗೆ ಅತಿ ಸಮೀಪದ ಕಿರಿದಾದ ಪ್ರದೇಶದಲ್ಲೇ ಹುಟ್ಟಿತೆಂದು ತಿಳಿಯಿತು.

ಗತಕಾಲದ ಕುರುಹುಗಳು

ಕಪ್ಪುಕುಳಿ ಹಿಂದೆಯೂ ಹೀಗೇ ಮಂಕಾಗಿತ್ತೇ? ಉತ್ತರ ಸಿಕ್ಕಿದ್ದು ಸುತ್ತಲಿನ ಅನಿಲ ಮೋಡಗಳಲ್ಲಿ. ಬೆಟ್ಟಕ್ಕೆ ತಾಗಿ ಮರಳುವ ಕೂಗಿನಂತೆ, ಹಳೆಯ ಭುಗಿಲಿನ ಕಿರಣಗಳು ಮೋಡಕ್ಕೆ ಬಡಿದು ತಡವಾಗಿ ನಮ್ಮತ್ತ ಬರಬೇಕೆಂದು ರಶೀದ್ ಸುನ್ಯಾಯೆವ್ ಮತ್ತು ಸಂಗಡಿಗರು 1993ರಲ್ಲಿ ಸೂಚಿಸಿದರು. ಜಪಾನಿನ ಆಸ್ಕಾ ಉಪಗ್ರಹವು ಸ್ಯಾಜಿಟೇರಿಯಸ್ ಬಿ2 ಮೋಡದಲ್ಲಿ, ಕ್ಷ-ಕಿರಣ ಬಡಿದಾಗ ಕಬ್ಬಿಣದ ಪರಮಾಣುಗಳು ಸೂಸುವ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ರೇಖೆಯನ್ನು ಕಂಡಿತು. 2004ರಲ್ಲಿ ಯುರೋಪಿನ ಇಂಟೆಗ್ರಲ್ ಉಪಗ್ರಹದ ಮಾಹಿತಿ ಇದನ್ನು ಬಲಪಡಿಸಿತು. ಬೆಳಕು ಸುತ್ತು ಹಾದಿ ಹಿಡಿದು ಬಂದ ಕಾಲವನ್ನು ಲೆಕ್ಕ ಹಾಕಿದರೆ, ಭೂಮಿಯಿಂದ ಕಾಣುವಂತೆ ಕೆಲವು ಶತಮಾನಗಳ ಹಿಂದೆ ಕಪ್ಪುಕುಳಿ ಇಂದಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರವಾಗಿತ್ತು. 2023ರಲ್ಲಿ ಪ್ರಕಟವಾದ ಐಎಕ್ಸ್‌ಪಿಇ ಉಪಗ್ರಹದ ಧ್ರುವೀಕರಣ ಅಳತೆಗಳು ಇತರ ಮೋಡಗಳ ಬೆಳಕೂ ಕಪ್ಪುಕುಳಿಯಿಂದಲೇ, ಸುಮಾರು 200 ವರ್ಷ ಹಿಂದಿನ ಭುಗಿಲಿನಿಂದ ಬಂದಿರಬೇಕೆಂದು ಸೂಚಿಸಿದವು.

ಇನ್ನೂ ಹಳೆಯ ಚಟುವಟಿಕೆಯ ಗುರುತುಗಳು 2008ರಲ್ಲಿ ಉಡಾವಣೆಯಾದ ಫರ್ಮಿ ದೂರದರ್ಶಕದ ಮಾಹಿತಿಯಲ್ಲಿದ್ದವು. ಕೇಂದ್ರದ ಮೇಲೂ ಕೆಳಗೂ ತಲಾ ಸುಮಾರು 25,000 ಜ್ಯೋತಿರ್ವರ್ಷ ಚಾಚಿರುವ ಗಾಮಾ ಕಿರಣದ ಗುಳ್ಳೆಗಳು 2010ರಲ್ಲಿ ಬೆಳಕಿಗೆ ಬಂದವು. ಕಪ್ಪುಕುಳಿಯ ಪ್ರಾಚೀನ ಸ್ಫೋಟ ಇವುಗಳಿಗೆ ಕಾರಣವೆಂದು ಕೆಲವರು, ನಕ್ಷತ್ರಗಳ ಬಿರುಸಿನ ಹುಟ್ಟು ಕಾರಣವೆಂದು ಮತ್ತೆ ಕೆಲವರು ವಾದಿಸುತ್ತಾರೆ.

ಬಗೆಹರಿಯದ ಪ್ರಶ್ನೆಗಳು

ಫರ್ಮಿ ಮಾಹಿತಿಯಲ್ಲಿ ಕೇಂದ್ರದ ಸುತ್ತ ಲೆಕ್ಕಕ್ಕೆ ಮೀರಿದ ಗಾಮಾ ಹೊಳಪಿದೆ. ಅದು ಅಗೋಚರ ದ್ರವ್ಯದ ಕಣಗಳು ಅಳಿಯುವುದರಿಂದಲೋ, ಕಣ್ಣಿಗೆ ಬೀಳದ ಸಾವಿರಾರು ಪಲ್ಸಾರ್‌ಗಳಿಂದಲೋ ಎಂಬ ಚರ್ಚೆ ನಡೆದೇ ಇದೆ. ನಮೀಬಿಯದ ಹೆಸ್ ದೂರದರ್ಶಕಗಳ ತಂಡ 2016ರಲ್ಲಿ, ಕೇಂದ್ರದಲ್ಲಿ ಪ್ರೋಟಾನ್‌ಗಳು ಪೆಟಾ ಎಲೆಕ್ಟ್ರಾನ್ ವೋಲ್ಟ್ ಮಟ್ಟಕ್ಕೆ ವೇಗೋತ್ಕರ್ಷ ಪಡೆಯುತ್ತಿರುವ ಸುಳಿವು ನೀಡಿತು. ಆ ಕೆಲಸ ಕಪ್ಪುಕುಳಿಯದೇ ಆಗಿದ್ದರೂ, ಅದರ ಈಗಿನ ಮಂಕುತನ ಅಷ್ಟು ಶಕ್ತಿಗೆ ಸಾಲದು. ಹಿಂದೆ ಅದು ಹೆಚ್ಚು ಚುರುಕಾಗಿತ್ತೆಂದು ಊಹಿಸಬೇಕಾಗುತ್ತದೆ.