ಗಜಕರ್ಣ ಪುರಾಣ

ಹೋದ ಬೇಸಿಗೆಗೆ ಊರು ಕಾಳಗಿಗೆ ಹೋಗಿದ್ದಾಗ ತೊಡೆಸಂದಿಯಲ್ಲಿ ಗಜಕರ್ಣ ಶುರುವಾಯ್ತು. ಔಷಧಿ ಅಂಗಡಿಯವನು ಚೀಟಿ ಕೇಳದೇ ಒಂದು ಟ್ಯೂಬ್ ಕೊಟ್ಟ. ಮೂರೇ ದಿನಕ್ಕೆ ತುರಿಕೆ ಮಾಯ! ಬೆಂಗಳೂರಿಗೆ ಬಂದ ಮೇಲೆ ದುಪ್ಪಟ್ಟಾಗಿ ಹಬ್ಬಿತು. "ತಗಚಿ ಬೀಜ ಅರದು ಹಚ್ಕೋಬೇಕಿತ್ತು ನೋಡಪ" ಅಂದಳು ಅವ್ವ, ಫೋನಿನಲ್ಲಿ.

ನಕ್ಕುಬಿಟ್ಟೆ. ಆಮೇಲೆ ಹುಡುಕಿದರೆ, ಸಂಸ್ಕೃತದಲ್ಲಿ ತಗಚೆಗೆ ದದ್ರುಘ್ನ ಅಂತಲೇ ಹೆಸರು.. ಗಜಕರ್ಣ ಕೊಲ್ಲುವಂಥದ್ದು! ಹತ್ತೊಂಬತ್ತನೇ ಶತಮಾನದಲ್ಲಿ 'ಗೋವಾ ಪುಡಿ' ಹಚ್ಚುತ್ತಿದ್ದರಂತೆ. ಹೆಸರಷ್ಟೇ ಗೋವಾದ್ದು, ಪುಡಿ ಬ್ರೆಜಿಲ್‌ನ ಮರದ್ದು.

1907ರಲ್ಲಿ ಲಂಡನ್ನಿನ ಆರ್ಥರ್ ವಿಟ್‌ಫೀಲ್ಡ್ ಒಂದು ಮುಲಾಮು ಮಾಡಿದ. ಬೆಂಜಾಯಿಕ್ ಆಮ್ಲ ಶಿಲೀಂಧ್ರದ ಬೆಳವಣಿಗೆ ತಡೆಯುತ್ತದೆ, ಸ್ಯಾಲಿಸಿಲಿಕ್ ಆಮ್ಲ ಅದು ಬೇರೂರಿದ ಸತ್ತ ಚರ್ಮವನ್ನೇ ಸುಲಿಯುತ್ತದೆ. ಉರಿಯುತ್ತೆ ನಿಜ, ಆದರೆ ಮೋಸವಿಲ್ಲ.

ನನ್ನ ಟ್ಯೂಬಿನ ವಂಶವೇ ಬೇರೆ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್, ಹೈಡ್ರೊಕಾರ್ಟಿಸೋನ್ ಹಚ್ಚಿದರೆ ಇಸುಬು ಇಳಿಯುತ್ತದೆ ಅಂತ ತೋರಿಸಿದರು. ಇಸುಬಿಗೆ ಅದು ವರವೇ. ಆದರೆ ಸ್ಟೆರಾಯ್ಡ್ ಶಿಲೀಂಧ್ರವನ್ನು ಕೊಲ್ಲಲ್ಲ, ಕಾವಲುಗಾರನನ್ನು ಮಲಗಿಸುತ್ತದೆ ಅಷ್ಟೇ. ಕೆಂಪು, ತುರಿಕೆ ಇಳಿದಾಗ ನಾವು ವಾಸಿಯಾಯ್ತು ಅಂದುಕೊಳ್ತೀವಿ. ನಮ್ಮಲ್ಲಿ ಇದನ್ನೇ ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಜೊತೆ ಬೆರೆಸಿ ಮಾರಿದರು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೆರಾಯ್ಡ್‌ಗಳ ಮುಲಾಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. (ನನ್ನ ಅಂಗಡಿಯವನಿಗೆ ಸುದ್ದಿ ಮುಟ್ಟಿಲ್ಲ!) 2020ರಲ್ಲಿ ಜಪಾನಿನ ಸಂಶೋಧಕರು ಟರ್ಬಿನಾಫಿನ್‌ಗೂ ಜಗ್ಗದ ಶಿಲೀಂಧ್ರವೊಂದಕ್ಕೆ ಟ್ರೈಕೊಫೈಟಾನ್ ಇಂಡೋಟಿನೆ ಅಂತ ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ, ಗಮನಿಸಿ.

ಚರ್ಮದ ಡಾಕ್ಟರು ಆರು ವಾರ ಗುಳಿಗೆ ಬರೆದಿದ್ದಾರೆ, ಇವತ್ತಿಗೆ ಹತ್ತೊಂಬತ್ತನೇ ದಿನ. ಟ್ಯೂಬ್ ಊರಲ್ಲೇ ಬಿಟ್ಟು ಬಂದಿದ್ದೆ. ಅದನ್ನೀಗ ಅಪ್ಪ ಹಚ್ಚಿಕೊಳ್ತಿದ್ದಾರಂತೆ. ರಾತ್ರಿ ಮತ್ತೆ ಫೋನ್ ಮಾಡಬೇಕು.